ಪಕ್ಕದ ಸೀಟಿನ ಸಿಗರೇಟು ನಾತ ಮತ್ತು ಬಸುರಿ ಹೆಣ್ಣುಮಗಳು

ಬಸುರಿಯಾದ ಹೊಸತರಲ್ಲಿ ಮೂಗು ವಿಪರೀತ ಚುರುಕಾಗುತ್ತದೆ. ನಿನ್ನೆಯವರೆಗೆ ಗಮನಕ್ಕೇ ಬಾರದಿದ್ದ ವಾಸನೆಗಳೆಲ್ಲ ಹೊಟ್ಟೆ ತೊಳಸುತ್ತವೆ. ಅದರಲ್ಲೂ ಆಫೀಸಿನಲ್ಲಿ ಪಕ್ಕದ ಸೀಟಿನವರು ಕೆಳಗೆ ಹೋಗಿ ಒಂದು ಸಿಗರೇಟು ಸೇದಿ ಬಂದು ಕೂತರೆಂದರೆ ಮುಗಿಯಿತು, ಅಲ್ಲಿಂದ ಮುಂದಿನ ಅರ್ಧ ಗಂಟೆ ಕೆಲಸ ಕೆಟ್ಟಂತೆಯೇ. ಅವರು ಒಳಗೆ ಸೇದಿಲ್ಲ, ಹೊಗೆ ಕಣ್ಣಿಗೆ ಕಾಣುತ್ತಿಲ್ಲ, ಹಾಗಾಗಿ ದೂರು ಹೇಳುವುದಕ್ಕೂ ಬಾಯಿ ಬರುವುದಿಲ್ಲ. "ಬರೀ ವಾಸನೆ ತಾನೇ, ಸಹಿಸ್ಕೋ" ಎನ್ನುವವರು ಒಬ್ಬರು. "ಅಯ್ಯೋ, ಮಗುವಿಗೆ ಏನಾದರೂ ಆದೀತು ಕಣೇ" ಎಂದು ಹೆದರಿಸುವವರು ಇನ್ನೊಬ್ಬರು. ಇಬ್ಬರ ಮಾತನ್ನೂ ಸ್ವಲ್ಪ ಪಕ್ಕಕ್ಕಿಡು ಮಗಳೇ. ಯಾವುದಕ್ಕೆ ಎಷ್ಟು ಹೆದರಬೇಕು ಎಂಬುದು ತಿಳಿದರೆ ಉಳಿದದ್ದು ಬಟ್ಟೆ, ನೀರು, ಗಾಳಿಯ ಕೆಲಸ.

ಸಿಗರೇಟು ಆರಿಸಿದ ಕೂಡಲೇ ಎಲ್ಲ ಮುಗಿಯುವುದಿಲ್ಲ. ಕೊನೆಯ ದಮ್ಮು ಎಳೆದ ಮೇಲೂ ಒಂದೆರಡು ನಿಮಿಷ ಸೇದಿದವರ ಉಸಿರಿನಲ್ಲಿ ಹೊಗೆಯ ಸಣ್ಣ ಕಣಗಳು ಬರುತ್ತಲೇ ಇರುತ್ತವೆ. ಅದಕ್ಕಿಂತ ಹೆಚ್ಚು ಹೊತ್ತು ಕಾಡುವುದು ಅವರ ಕೂದಲು, ಗಡ್ಡ, ಬೆರಳು, ಅಂಗಿ, ಜಾಕೆಟ್ಟಿಗೆ ಅಂಟಿದ ಜಿಡ್ಡು. ಇದಕ್ಕೇ ವೈದ್ಯರು ಥರ್ಡ್‌ಹ್ಯಾಂಡ್ ಸ್ಮೋಕ್ ಎನ್ನುತ್ತಾರೆ. ಮಳೆಯಲ್ಲಿ ನೆನೆದವರು ಒಳಗೆ ಬಂದರೆ ಅವರು ಕೂತ ಕಡೆಯೆಲ್ಲ ನೀರು ತೊಟ್ಟಿಕ್ಕುವ ಹಾಗೆ, ಸೇದಿ ಬಂದವರ ಬಟ್ಟೆಯಿಂದ ನಿಕೋಟಿನ್ನೂ ಬೇರೆ ಅನಿಲಗಳೂ ನಿಧಾನಕ್ಕೆ ಗಾಳಿಗೆ ಸೇರುತ್ತಾ ಇರುತ್ತವೆ. 2020ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಅಳೆದು ತೋರಿಸಿತು. ಧೂಮಪಾನ ನಿಷೇಧವಿದ್ದ ಸಿನಿಮಾ ಮಂದಿರದೊಳಗೆ ಯಾರೂ ಸೇದದಿದ್ದರೂ, ಪ್ರೇಕ್ಷಕರ ಮೈಮೇಲೆ ಬಂದದ್ದರಿಂದಲೇ ಕೆಲವು ಅನಿಲಗಳ ಮಟ್ಟ ಏರಿತ್ತು. ಅಲ್ಲಿ ಒಂದು ಗಂಟೆ ಕೂತರೆ 1ರಿಂದ 10 ಸಿಗರೇಟಿನ ಪರೋಕ್ಷ ಹೊಗೆ, ಅಂದರೆ ಬೇರೆಯವರು ಸೇದುವಾಗ ನಮಗೆ ಬರುವ ಹೊಗೆ, ಕುಡಿದಷ್ಟಾಗುತ್ತದೆ ಎಂಬುದು ಆ ಅನಿಲಗಳ ಲೆಕ್ಕ. ಅಷ್ಟು ದೊಡ್ಡ, ಗಾಳಿ ಓಡಾಡುವ ಹಾಲಿನಲ್ಲೇ ಹೀಗಾದರೆ ನಾಲ್ಕು ಮೇಜಿನ ಮುಚ್ಚಿದ ಕೋಣೆಯ ಪಾಡು ನೀನೇ ಊಹಿಸಿಕೋ.

ಈಗ ಹೆದರಿಕೆಯ ಅಳತೆ. ಎದುರಿಗೆ ಸೇದುವವರ ಹೊಗೆ ಬಸುರಿಗೆ ಕೆಟ್ಟದ್ದು ಎಂಬುದರಲ್ಲಿ ಎರಡು ಮಾತಿಲ್ಲ. ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅದರಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಮಗುವಿನ ತೂಕ ಕಡಿಮೆಯಾಗುವುದಕ್ಕೆ ಅದೂ ಒಂದು ಕಾರಣ. ಇಷ್ಟಾದರೆ ಪರವಾಗಿಲ್ಲ ಎನ್ನುವ ಸುರಕ್ಷಿತ ಪ್ರಮಾಣವೇ ಪರೋಕ್ಷ ಹೊಗೆಗೆ ಇಲ್ಲ ಎಂದು ಅಮೆರಿಕ ಸರ್ಕಾರದ ಹಿರಿಯ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ಅವರ ವರದಿ 2006ರಲ್ಲೇ ಹೇಳಿತು. ಬಟ್ಟೆಗೆ ಅಂಟಿ ಬರುವ ಜಿಡ್ಡಿನ ವಿಷಯದಲ್ಲಿ ಸಂಶೋಧನೆ ಅಷ್ಟು ಮುಂದುವರಿದಿಲ್ಲ. ಇಂಥ ಜಿಡ್ಡು ಹತ್ತಿದ ಬಟ್ಟೆಯ ಜೊತೆ ಬೆಳೆಸಿದ ಇಲಿಮರಿಗಳ ತೂಕ ಕಡಿಮೆಯಿತ್ತು ಎಂಬ ಪ್ರಯೋಗ 2017ರಲ್ಲಿ ಬಂತು. ಬಸುರಿ ಹೆಂಗಸರಲ್ಲಿ ಇಷ್ಟೇ ಹಾನಿ ಎಂದು ತೂಗಿ ಹೇಳುವ ಪುರಾವೆ ಇನ್ನೂ ಗಟ್ಟಿಯಾಗಿಲ್ಲ. ಆದ್ದರಿಂದ ಎದುರಿನ ಹೊಗೆಯಿಂದ ಎದ್ದು ಹೋಗು, ಜಿಡ್ಡನ್ನು ತೊಳೆದು ಹಾಕು, ರಾತ್ರಿ ನಿದ್ದೆ ಮಾತ್ರ ಕೆಡಿಸಿಕೊಳ್ಳಬೇಡ. ಎರಡು ತಿಂಗಳಿಂದ ಅದೇ ಸೀಟಿನಲ್ಲಿ ಕೂತಿದ್ದೀಯ ಎಂದರೂ ಅಷ್ಟೇ. ಮುಂದಿನ ತಪಾಸಣೆಯಲ್ಲಿ ವೈದ್ಯರಿಗೆ ಹೇಳು, ಅವರು ಕೇಳಿಕೊಳ್ಳಲಿ. ಅಸ್ತಮಾ ಇದ್ದು ಉಸಿರು ಕಟ್ಟಿದಂತಾದರೆ, ಎದೆ ಬಿಗಿದರೆ, ತಪಾಸಣೆಯ ದಿನಕ್ಕೆ ಕಾಯಬೇಡ, ಅವತ್ತೇ ಹೋಗು.

ಹೊಗೆಯ ಜಿಡ್ಡು ನಿನ್ನ ಹತ್ತಿರ ಬರುವುದು ಗಾಳಿಯಿಂದ, ಕೈಯಿಂದ, ಬಟ್ಟೆಯಿಂದ. ನಾನು ಮೊದಲು ನೋಡುವುದು ಗಾಳಿಯನ್ನು. ಒಂದು ಗೇಣುದ್ದದ ದಾರದ ತುದಿಗೆ ಟಿಶ್ಯೂ ಕಾಗದದ ಚೂರು ಅಂಟಿಸಿ ನಿನ್ನ ಮೇಜಿನ ಅಂಚಿನಲ್ಲಿ ತೂಗಿಬಿಡು. ಚೂರು ಯಾವ ಕಡೆ ವಾಲುತ್ತದೆ ನೋಡು. ಅವರ ಸೀಟಿನಿಂದ ನಿನ್ನ ಕಡೆಗೆ ವಾಲಿದರೆ ಎಸಿಯೋ ಫ್ಯಾನೋ ಅವರನ್ನು ದಾಟಿ ನಿನ್ನ ಮುಖಕ್ಕೆ ಬೀಸುತ್ತಿದೆ ಎಂದರ್ಥ. ನಾನು ಕೆಲಸ ಮಾಡುತ್ತಿದ್ದ ಕಡೆ ಒಬ್ಬಳು ಬಸುರಿ ಹುಡುಗಿಗೆ ಹೀಗೆ ನೋಡಿ ಮೇಜನ್ನು ಎರಡು ಮಾರು ಆಚೆ ಸರಿಸಿ, ಕಿಟಕಿಯನ್ನು ಬೆನ್ನಿಗೆ ಮಾಡಿಕೊಟ್ಟೆವು. ಮಧ್ಯಾಹ್ನದ ವಾಕರಿಕೆ ಎಷ್ಟೋ ತಗ್ಗಿತು. ಸೀಟು ಬದಲಿಸಲು ಆಗದಿದ್ದರೆ ಚಿಕ್ಕ ಟೇಬಲ್ ಫ್ಯಾನನ್ನು ನಿನ್ನ ಪಕ್ಕದಲ್ಲಿ, ನಿನ್ನಿಂದ ಆಚೆಗೆ ಬೀಸುವಂತೆ ಇಟ್ಟುಕೋ. ಬಹಳ ಮಂದಿ ತಮ್ಮ ಮುಖಕ್ಕೇ ತಿರುಗಿಸಿಕೊಳ್ಳುತ್ತಾರೆ. ಹಾಗೆ ಇಟ್ಟರೆ ಫ್ಯಾನಿನ ಹಿಂದಿನ ಗಾಳಿಯನ್ನೆಲ್ಲ ತಾವೇ ಎಳೆದುಕೊಂಡಂತಾಗುತ್ತದೆ.

ಗಾಳಿ ಶುದ್ಧೀಕರಿಸುವ ಯಂತ್ರ ತರಿಸುವುದಾದರೆ ಹೆಪಾ ಫಿಲ್ಟರ್ ಒಂದೇ ಸಾಲದು. ಅದು ಕಣವನ್ನು ಹಿಡಿಯುತ್ತದೆ, ಅನಿಲವನ್ನು ಬಿಡುತ್ತದೆ. ಒಳಗೆ ಅನಿಲ ಹೀರುವ ಆಕ್ಟಿವೇಟೆಡ್ ಇದ್ದಿಲಿನ ದಪ್ಪ ಪದರವೂ ಇರಬೇಕು. ಓಝೋನ್ ಬಿಡುವ ಯಂತ್ರ ಮಾತ್ರ ಬೇಡವೇ ಬೇಡ. ಓಝೋನ್ ಶ್ವಾಸಕೋಶಕ್ಕೆ ಕೆಟ್ಟದ್ದು, ಮೇಲಾಗಿ ನಿಕೋಟಿನ್ ಜೊತೆ ಸೇರಿ ಇನ್ನೂ ಸೂಕ್ಷ್ಮವಾದ ಕಣಗಳನ್ನು ಹುಟ್ಟಿಸುತ್ತದೆ. ರೂಮ್ ಸ್ಪ್ರೇ, ಊದುಬತ್ತಿ, ಸುಗಂಧದ ಮೇಣದಬತ್ತಿಗಳಿಂದ ನಾತ ಅಡಗುತ್ತದೆಯೇ ಹೊರತು ಜಿಡ್ಡು ಹೋಗುವುದಿಲ್ಲ. ಉರಿಸುವಂಥದ್ದಾದರೆ ಇನ್ನೊಂದು ಹೊಗೆ ಸೇರಿತು ಅಷ್ಟೆ. ಸಾಮಾನ್ಯ ಬಟ್ಟೆಯ ಮಾಸ್ಕು ಈ ಅನಿಲಗಳನ್ನು ತಡೆಯುವುದಿಲ್ಲ. ಬಿಗಿಯಾದ ದಪ್ಪ ಮಾಸ್ಕನ್ನು ದಿನವಿಡೀ ಹಾಕಿಕೊಳ್ಳುವ ಮೊದಲು ವೈದ್ಯರನ್ನು ಕೇಳು, ಬಸುರಿಗೆ ಉಸಿರು ಮೊದಲೇ ಮೇಲಿಂದ ಮೇಲೆ ಬರುತ್ತಿರುತ್ತದೆ.

ಕೈಯಿಂದ ಬರುವ ಜಿಡ್ಡನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಬ್ಬರೂ ಮುಟ್ಟುವ ಫೋನು, ಹೆಡ್‌ಸೆಟ್, ಮೌಸ್, ಬಾಗಿಲ ಹಿಡಿ, ಫೈಲು, ಪೆನ್ನು, ಎಲ್ಲದಕ್ಕೂ ಹತ್ತಿರುತ್ತದೆ. ನಂಬಿಕೆ ಬಾರದಿದ್ದರೆ ಹಳೆಯ ಸಿಗರೇಟುಗಾರರ ಮೇಜಿನ ಫೋನಿನ ರಿಸೀವರನ್ನು ಸೋಪುನೀರಿನ ಬಿಳಿ ಬಟ್ಟೆಯಲ್ಲಿ ಯಾರಿಂದಾದರೂ ಒರೆಸಿ ನೋಡಿಸು. ಬಟ್ಟೆಯ ಮೇಲೆ ಚಹಾದ ಕರೆಯಂಥ ಹಳದಿ ಮಿಶ್ರಿತ ಕಂದು ಬಣ್ಣ ಏಳುತ್ತದೆ, ಬೆರಳಿಗೆ ಅಂಟಂಟಾಗುತ್ತದೆ. ಈ ಜಿಡ್ಡು ಸುಮ್ಮನೆ ಕೂರುವಂಥದ್ದೂ ಅಲ್ಲ. ಮೇಲ್ಮೈಗೆ ಹತ್ತಿದ ನಿಕೋಟಿನ್, ಕೋಣೆಯ ಗಾಳಿಯಲ್ಲಿರುವ ನೈಟ್ರಸ್ ಆಮ್ಲದ ಜೊತೆ ಸೇರಿ ಕ್ಯಾನ್ಸರ್‌ಕಾರಕ ನೈಟ್ರೋಸಮೈನ್‌ಗಳಾಗುತ್ತದೆ ಎಂದು 2010ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ತೋರಿಸಿದ್ದಾರೆ. ಸಾಧ್ಯವಾದರೆ ನಿನ್ನ ಹೆಡ್‌ಸೆಟ್, ಮೌಸ್, ಕೀಬೋರ್ಡ್ ಬೇರೆ ಇರಲಿ. ಬೇರೆ ಸಿಗದಿದ್ದರೆ ಬೆಳಿಗ್ಗೆ ಕೂರುವ ಮುಂಚೆ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿಕೋ. ತಿನ್ನುವ ಮೊದಲು, ಮುಖ ಒರೆಸಿಕೊಳ್ಳುವ ಮೊದಲು ಸೋಪು ಹಾಕಿ ಕೈ ತೊಳೆ. ಸ್ಯಾನಿಟೈಸರ್ ಉಜ್ಜಿದರೆ ಕ್ರಿಮಿ ಸತ್ತೀತು, ಜಿಡ್ಡು ಕೈಯಲ್ಲೇ ಉಳಿಯುತ್ತದೆ.

ಕೋಣೆಯನ್ನೇ ತೊಳೆಯಿಸಬೇಕಾದರೆ ಆ ಕೆಲಸಕ್ಕೆ ನೀನು ಇಳಿಯಬೇಡ. ನೀನಿಲ್ಲದ ಹೊತ್ತಿನಲ್ಲಿ ಬೇರೆಯವರು ಮಾಡಲಿ. ಒಣ ಬಟ್ಟೆಯಲ್ಲಿ ಕೊಡವಬಾರದು, ಧೂಳಿನಲ್ಲೇ ಜಿಡ್ಡು ಸೇರಿರುತ್ತದೆ. ನಿಕೋಟಿನ್ ಕ್ಷಾರ ಗುಣದ್ದು, ಹಾಗಾಗಿ ಸೋಪುನೀರಿನಲ್ಲಿ ಒರೆಸಿ, ಆಮೇಲೆ ನೀರು ಬೆರೆಸಿದ ವಿನೆಗರ್‌ನಲ್ಲಿ ಇನ್ನೊಮ್ಮೆ ಒರೆಸಿದರೆ ಚೆನ್ನಾಗಿ ಬಿಡುತ್ತದೆ. ವಿನೆಗರ್ ಬಳಸಿದ ಕಡೆ ಬ್ಲೀಚ್ ಹಾಕಬಾರದು, ವಿಷಗಾಳಿ ಏಳುತ್ತದೆ. ಬ್ಲೀಚಿಗೆ ಅಮೋನಿಯಾ ಇರುವ ದ್ರಾವಣ ಸೇರಿದರೂ ಹಾಗೆಯೇ. ಮೇಜು, ಗಾಜು ಬೇಗ ಶುದ್ಧವಾಗುತ್ತವೆ. ಮೊಂಡು ಎಂದರೆ ಕಾರ್ಪೆಟ್, ಪರದೆ, ಮೆತ್ತೆಯ ಕುರ್ಚಿ. ಸೇದುವವರು ಬಿಟ್ಟು ಹೋದ ಮನೆ ಎರಡು ತಿಂಗಳು ಖಾಲಿ ಬಿದ್ದಿದ್ದರೂ ಒಳಗೆ ನಿಕೋಟಿನ್ ಸಿಕ್ಕಿದೆ ಎಂದು ಅಮೆರಿಕದ ಸ್ಯಾನ್ ಡಿಯಾಗೋದ ಸಂಶೋಧಕರು 2011ರಲ್ಲಿ ಬರೆದರು. ಪರದೆ ಬಿಚ್ಚಿ ಒಗೆಸುವುದು, ನಿನ್ನ ಕುರ್ಚಿ ಹಿಂದೆ ಸಿಗರೇಟು ಸೇದುವವರು ಬಳಸಿದ್ದಾದರೆ ಅದನ್ನು ಬದಲಿಸಿಕೊಳ್ಳುವುದು, ಇಷ್ಟಾದರೂ ಆಗಲಿ.

ಇದೆಲ್ಲಕ್ಕಿಂತ ಕಷ್ಟದ್ದು ಒಟ್ಟಿಗೆ ಓಡಾಡುವ ಕಾರು. ಫೀಲ್ಡಿನ ಕೆಲಸದಲ್ಲಿ ಸಹೋದ್ಯೋಗಿಯ ಕಾರಿನಲ್ಲೇ ಹೋಗಬೇಕಾಗುತ್ತದೆ, ಅವರೋ ಒಬ್ಬರೇ ಇದ್ದಾಗ ಅದರೊಳಗೇ ಸೇದಿರುತ್ತಾರೆ. ಕಿಟಕಿ ಇಳಿಸಿ ಸೇದಿದೆ ಎಂಬ ಸಮಜಾಯಿಷಿಯಲ್ಲಿ ಹುರುಳಿಲ್ಲ. ಅಷ್ಟು ಚಿಕ್ಕ ಜಾಗದಲ್ಲಿ ಸೀಟು, ಬೆಲ್ಟು, ಮಾಡಿನ ಬಟ್ಟೆ ಎಲ್ಲ ಹೊಗೆ ಕುಡಿದು ಕೂತಿರುತ್ತದೆ, ಬಿಸಿಲಿಗೆ ಕಾದಾಗ ಇನ್ನೂ ಜೋರಾಗಿ ಬಿಡುತ್ತದೆ. ಬೇರೆ ವಾಹನ ಕೇಳುವುದೇ ಸರಿ. ಆಗದಿದ್ದರೆ ಹತ್ತುವ ಮೊದಲು ನಾಲ್ಕೂ ಬಾಗಿಲು ಐದು ನಿಮಿಷ ತೆರೆದಿಡಿಸು, ಎಸಿಯನ್ನು ಹೊರಗಿನ ಗಾಳಿಗೆ ಹಾಕಿಸು, ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಬೇಡ. ಸೀಟಿನ ಮೇಲೆ ಒಗೆದ ಹೊದಿಕೆ ಹಾಸಿ ಕೂರು, ಮನೆಗೆ ಬಂದು ಅದನ್ನು ಒಗೆಯಲು ಹಾಕು. ಕಾರಿನವರಿಗೆ ಮನಸ್ಸಿದ್ದರೆ ಎಸಿಯ ಕ್ಯಾಬಿನ್ ಫಿಲ್ಟರ್ ಬದಲಿಸಿ, ಮುಂದಿನ ಗಾಜಿನ ಒಳಮೈ ಒರೆಸಿಸಲಿ. ಆ ಗಾಜಿನ ಮಸುಕು ಎಷ್ಟೋ ಸಲ ಧೂಳಿನದ್ದಲ್ಲ, ಹೊಗೆಯದ್ದು.

ಇನ್ನು ಮಾತಾಡುವ ವಿಷಯ. ಹೆಣ್ಣುಮಕ್ಕಳು ಹಿಂಜರಿಯುವುದು ಇಲ್ಲೇ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳುವುದು ಬೇಡ ಎಂದುಕೊಂಡಿರುತ್ತೀಯ, ಕಾರಣ ಹೇಳದೆ ಕೇಳುವುದು ಹೇಗೆ? ಕಾರಣವಾಗಿ ವಾಕರಿಕೆಯೊಂದೇ ಸಾಕು, ಅದು ಸುಳ್ಳೂ ಅಲ್ಲ. ಯಾರೂ ಇಲ್ಲದಾಗ, ನಗುಮುಖದಲ್ಲೇ, "ನೋಡಿ, ನನಗೆ ಇತ್ತೀಚೆಗೆ ಸಿಗರೇಟು ವಾಸನೆಗೆ ತಡೆಯೋಕಾಗದಷ್ಟು ವಾಕರಿಕೆ ಬರ್ತಿದೆ. ಸೇದಿ ಬಂದ ಮೇಲೆ ಒಂದು ಹತ್ತು ನಿಮಿಷ ಹೊರಗಿದ್ದು, ಕೈ ಮುಖ ತೊಳ್ಕೊಂಡು ಬರ್ತೀರಾ?" ಎಂದು ಕೇಳು. ಸೇದುವುದನ್ನೇ ಬಿಡಿ ಎನ್ನಬೇಡ. ಅದನ್ನು ಅವರ ಮನೆಯವರು ಹೇಳಿ ಹೇಳಿ ಸುಸ್ತಾಗಿರುತ್ತಾರೆ. ಸಣ್ಣದು, ಇವತ್ತೇ ಮಾಡಬಹುದಾದದ್ದು ಕೇಳಿದರೆ ಬಹುಪಾಲು ಜನ ಒಪ್ಪುತ್ತಾರೆ. ಅದರಲ್ಲೂ ನನಗೆ ಮೆಚ್ಚಿನ ಉಪಾಯ ಎಂದರೆ ಸೇದುವಾಗ ಹಾಕಿಕೊಳ್ಳಲು ಒಂದು ಹಳೆಯ ಮೇಲಂಗಿ ಇಟ್ಟುಕೊಂಡು, ಒಳಗೆ ಬರುವಾಗ ಅದನ್ನು ಹೊರಗೇ ನೇತುಹಾಕಿ ಬರುವುದು. ಖರ್ಚಿಲ್ಲ, ಜಗಳವಿಲ್ಲ, ಬಟ್ಟೆಯ ನಾತ ಅರ್ಧಕ್ಕರ್ಧ ಹೊರಗೇ ಉಳಿಯುತ್ತದೆ. ವೇಪ್, ಅಂದರೆ ಇ-ಸಿಗರೇಟು, ಸೇದುವವರಿಗೂ ಇದನ್ನೇ ಹೇಳು. ವಾಸನೆ ಹಿತವಾಗಿದೆ ಎಂದ ಮಾತ್ರಕ್ಕೆ ಅದರಲ್ಲಿ ನಿಕೋಟಿನ್ ಇಲ್ಲ ಎಂದಲ್ಲ.

ಕೇಳಿಯೂ ಬದಲಾಗದಿದ್ದರೆ ಮೇಲಿನವರಿಗೆ ಬರವಣಿಗೆಯಲ್ಲಿ ತಿಳಿಸು. ವ್ಯಕ್ತಿಯ ದೂರು ಬೇಡ, ನಿನಗೆ ಬೇಕಾದದ್ದನ್ನು ಬರೆ: ಈ ಸೀಟಿನಿಂದ ಆ ಸೀಟು, ಲಿಫ್ಟಿನ ಬಾಗಿಲಿನಿಂದ ದೂರದಲ್ಲಿ ಸೇದುವ ಜಾಗ, ಬೇರೆ ವಾಹನ. ವೈದ್ಯರಿಂದ ಒಂದು ಚೀಟಿ ಬರೆಸಿ ಜೊತೆಗಿಟ್ಟರೆ ಅರ್ಜಿಯ ತೂಕ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದ 2005ರಿಂದ ಜಾರಿಯಲ್ಲಿದೆ, ಕೆಲಸದ ಜಾಗದ ಒಳಗೆ ಹೊಗೆಯಿಂದ ರಕ್ಷಣೆ ಕೊಡಬೇಕು ಎಂದು ಅದರ 8ನೇ ವಿಧಿ ಹೇಳುತ್ತದೆ. ಮೈಗಂಟಿದ ಜಿಡ್ಡಿನ ಮಾತು ಅದರಲ್ಲಿಲ್ಲ, ಅದಕ್ಕೆ ಆಯಾ ಕಚೇರಿಯೇ ನಿಯಮ ಮಾಡಿಕೊಳ್ಳಬೇಕು. ಆಗದ ಮಾತೇನಲ್ಲ. ಜಪಾನಿನ ನಾರಾ ಪ್ರಾಂತ್ಯದ ಇಕೋಮಾ ನಗರಾಡಳಿತ 2018ರಲ್ಲಿ, ಸಿಗರೇಟು ಸೇದಿದ ನೌಕರರು 45 ನಿಮಿಷ ಕಚೇರಿಯ ಲಿಫ್ಟ್ ಹತ್ತುವಂತಿಲ್ಲ ಎಂದು ನಿಯಮ ಮಾಡಿತು. ಮೆಟ್ಟಿಲು ಹತ್ತಿಸಿದ್ದು ಅವರ ಆರೋಗ್ಯಕ್ಕೂ ಒಳ್ಳೆಯದೇ ಆಯಿತೆನ್ನು!

ಸಂಜೆ ಮನೆಗೆ ಬಂದಾಗ ಹೆಚ್ಚೇನೂ ಇಲ್ಲ. ಕೆಲಸದ ಬಟ್ಟೆ ಬಿಚ್ಚಿ ಕಪಾಟಿನ ಒಗೆದ ಬಟ್ಟೆಯ ಜೊತೆ ಸೇರಿಸದೆ ಬೇರೆ ಬುಟ್ಟಿಗೆ ಹಾಕು. ಆಫೀಸಿನಲ್ಲಿ ಕೂದಲು ಬಿಟ್ಟುಕೊಳ್ಳದೆ ಕಟ್ಟಿಕೊಂಡಿರು, ಕೂದಲು ನಾತವನ್ನು ಬೇಗ ಹೀರುತ್ತದೆ. ಮೈಗೆ ನೀರು ಹಾಕಿಕೊಂಡರೆ ವಾಕರಿಕೆಯೂ ಇಳಿಯುತ್ತದೆ. ನಾತ ಬಿಡದ ಬಟ್ಟೆಯನ್ನು ಸೋಪಿನ ಪುಡಿಯ ನೀರಿನಲ್ಲಿ ಒಂದು ಗಂಟೆ ನೆನೆಹಾಕಿ ಒಗೆದು, ಗಾಳಿಯಾಡುವ ಕಡೆ ಒಣಗಿಸು. ವಾಸನೆ ಪೂರ್ತಿ ಹೋಗುವ ಮುಂಚೆ ಇಸ್ತ್ರಿ ಹಾಕಿದರೆ ಕಾವಿಗೆ ಮತ್ತೆ ಎದ್ದು ಬರುತ್ತದೆ.

ಹೆರಿಗೆಯಾದ ಮೇಲೆ ಇದೇ ಸಹೋದ್ಯೋಗಿಗಳು ಪ್ರೀತಿಯಿಂದ ಮಗು ನೋಡಲು ಬರುತ್ತಾರೆ, ಎತ್ತಿಕೊಳ್ಳಲು ಕೈ ಚಾಚುತ್ತಾರೆ. ಆಗ ಸಂಕೋಚ ಬೇಡ. ಹಸುಗೂಸು ಎತ್ತಿಕೊಂಡವರ ಅಂಗಿಯನ್ನೇ ಚೀಪುತ್ತದೆ, ಅವರ ಬೆರಳನ್ನೇ ಬಾಯಿಗೆ ಎಳೆದುಕೊಳ್ಳುತ್ತದೆ. ಮೊಳಕೈವರೆಗೆ ಸೋಪು ಹಾಕಿ ಕೈ ತೊಳೆದುಕೊಳ್ಳಲಿ, ಭುಜದಿಂದ ಹೊಟ್ಟೆಯವರೆಗೆ ಮುಚ್ಚುವಂತೆ ಒಗೆದ ಟವೆಲ್ ಹೊದ್ದುಕೊಳ್ಳಲಿ, ಆಮೇಲೆ ಮಗುವನ್ನು ಕೊಡು. ಈಗ ತಾನೇ ಸೇದಿ ಬಂದವರಾದರೆ ತೊಟ್ಟಿಲಲ್ಲೇ ನೋಡಿ ಮಾತಾಡಿಸಲಿ.