ಬೇವಿನ ಹಲಗೆ, ಕೈ ಹತ್ತರಿ

ನಾನು ಕಸುಬಿನ ಬಡಗಿಯಲ್ಲ. ಕೊಪ್ಪಳದಲ್ಲಿ ನೌಕರಿ, ರಜೆ ಸಿಕ್ಕಾಗ ಹಿತ್ತಲಲ್ಲಿ ಮರಗೆಲಸ. ಈ ಸಲ ಬೇವಿನ ಮರದಲ್ಲಿ ಒಂದು ಸ್ಟೂಲ್ ಮಾಡಿದೆ. ಮರ ಹೆರೆದು ನಯ ಮಾಡುವ ಹತ್ತರಿ, ಉಳಿ, ಕೊಡತಿ, ಗರಗಸ, ಇಷ್ಟೇ ಸಾಮಾನು. ದಿಮ್ಮಿ ಸೀಳಿಸಿದ್ದು ಮಾತ್ರ ಸಾಮಿಲ್ಲಿನಲ್ಲಿ. ಅದನ್ನೂ ಕೈಯಲ್ಲೇ ಸೀಳಬೇಕು ಅನ್ನುವ ಹಟ ನನಗಿಲ್ಲ. ಅದು ಸುಮ್ನೆ ರಟ್ಟೆ ನೋವು.

ಬೇವು ನಮ್ಮ ಕಡೆ ಬೇಕಾದಷ್ಟು ಸಿಗುತ್ತದೆ, ಹುಳು ಬೇಗ ಹತ್ತುವುದಿಲ್ಲ. ಆದರೆ ಹಸಿ ಹಲಗೆ ಬೇಡ. ಒಣಗುವಾಗ ಅದು ಅಗಲದಲ್ಲಿ ಕುಗ್ಗುತ್ತದೆ, ಹಾಕಿದ ಜೋಡಣೆ ಸಡಿಲಾಗುತ್ತದೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ ಅಲ್ವಾ, ಬಿಸಿಲಿಗಿಟ್ಟರೆ ತುದಿ ಬಿರಿಯುತ್ತದೆ. ಎರಡೂ ತುದಿಗೆ ಬಣ್ಣ ಬಳಿದು, ನಡುವೆ ಪಟ್ಟಿ ಕೊಟ್ಟು ನೆರಳಲ್ಲಿ ಪೇರಿಸಿಡುತ್ತೇನೆ.

ಹತ್ತರಿಯ ಅಲಗನ್ನು ಸುಮಾರು 25 ಡಿಗ್ರಿಗೆ ಮಸೆದು, ತುದಿಯನ್ನಷ್ಟೇ 30ಕ್ಕೆ ಏರಿಸುತ್ತೇನೆ. ನಮ್ಮ ಓಣಿಯ ಬಡಿಗೇರ ಕಾಕಾ ಡಿಗ್ರಿ ಗಿಗ್ರಿ ಕೇಳುವವರಲ್ಲ. "ತಮ್ಮಾ, ಮುಂಗೈ ಕೂದಲಿಗೆ ಹಚ್ಚಿ ನೋಡು. ಬೋಳಾತು ಅಂದ್ರ ಹದ ಬಂದಂಗ" ಅನ್ನುತ್ತಾರೆ. ಈಗ ನಾನೂ ಹಾಗೇ ನೋಡುತ್ತೇನೆ.

ಪಕ್ಕದ ಕಿನ್ನಾಳದ ಚಿತ್ರಗಾರರು ಗೊಂಬೆಗೆ ಹಗುರ ಮರ ಆರಿಸುತ್ತಾರೆ, ಉಳಿ ಸರಾಗವಾಗಿ ಓಡುತ್ತದೆ. ಬೇವು ಅಂಥದ್ದಲ್ಲ. ಅದರ ಎಳೆ ಒಂದು ಪಟ್ಟಿಯಲ್ಲಿ ಈ ಕಡೆ ವಾಲಿದರೆ ಪಕ್ಕದಲ್ಲೇ ಆ ಕಡೆ ವಾಲಿರುತ್ತದೆ. ಎಳೆಗೆ ಒಗ್ಗಿ ಹೋದಾಗ ಹತ್ತರಿ ಸರ್ರನೆ ಒಂದೇ ಸದ್ದು ಮಾಡುತ್ತದೆ, ಈರುಳ್ಳಿ ಸಿಪ್ಪೆಯಂಥ ಸುರುಳಿ ಮೇಲೆ ಬರುತ್ತದೆ. ಎಳೆ ಎದುರಾದರೆ ಸದ್ದು ಕರಕರ ಅನ್ನುತ್ತದೆ, ಅಂಗೈಗೆ ತಡೆ ಗೊತ್ತಾಗುತ್ತದೆ. ಅಲ್ಲೇ ನಿಲ್ಲಿಸುತ್ತೇನೆ. ಅಲಗನ್ನು ಕೂದಲೆಳೆಯಷ್ಟು ಒಳಗೆ ಸರಿಸಿ, ಹತ್ತರಿ ಓರೆ ಮಾಡಿ, ಇನ್ನೊಂದು ಕಡೆಯಿಂದ ತಳ್ಳುತ್ತೇನೆ. ಮಷೀನಿನ ಗದ್ದಲದಲ್ಲಿ ಇದೆಲ್ಲ ಕೇಳಿಸುವುದಿಲ್ಲ, ಎಳೆ ಕಿತ್ತು ಬಂದ ಮೇಲೆ ಕಣ್ಣಿಗೆ ಬೀಳುತ್ತದೆ. ಹತ್ತು ಬಾಗಿಲು ಒಂದೇ ವಾರದಲ್ಲಿ ಕೊಡಬೇಕಾದವರಿಗೆ ಮಷೀನೇ ಸರಿ. ನನಗೆ ಅವಸರವಿಲ್ಲ. ಮರ ಏನು ಮಾಡುತ್ತಿದೆ ಅಂತ ಆ ಕ್ಷಣಕ್ಕೇ ಕೈಗೆ ತಿಳಿಯುವ ಖುಷಿಗೇ ನಾನು ಈ ಕೆಲಸ ಹಿಡಿದದ್ದು. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಧೂಳು ಸಹ ಕಮ್ಮಿ, ಬೇವಿನ ಧೂಳು ಗಂಟಲಿಗಿಳಿದರೆ ಬಲು ಕಹಿ.

ಕಾಲು ಕೂರುವ ತೂತಿಗೆ ಗುರುತನ್ನು ಪೆನ್ಸಿಲ್ಲಿನಲ್ಲಲ್ಲ, ಚಾಕುವಿನಲ್ಲಿ ಹಾಕುತ್ತೇನೆ. ಉಳಿಯ ತುದಿ ಆ ಗೆರೆಗೆ ತಾನಾಗಿ ಬಂದು ಕೂರುತ್ತದೆ. ಅರ್ಧ ಮೇಲಿನಿಂದ, ಅರ್ಧ ಕೆಳಗಿನಿಂದ ಕಡಿದರೆ ಅಂಚು ಸಿಬಿರೇಳುವುದಿಲ್ಲ. ಕಾಲಿನ ತುದಿ ಸೀಳಿ ಬೆಣೆ ಹೊಡೆಯುವಾಗ ಬೆಣೆ ಹಲಗೆಯ ಎಳೆಗೆ ಅಡ್ಡವಾಗಿರಲಿ. ಎಳೆಯ ಉದ್ದಕ್ಕೆ ಹೊಡೆದರೆ ಹಲಗೆಯೇ ಸೀಳುತ್ತದೆ. ಬೆಣೆ ಪೂರ್ತಿ ಇಳಿದಾಗ ಕೊಡತಿಯ ಟಪ್ ಟಪ್ ಸದ್ದು ಗಟ್ಟಿಯಾಗುತ್ತದೆ, ಆಗ ಕೈ ಬಿಡಬೇಕು.

ಹದವಾದ ಹತ್ತರಿ ಓಡಿದ ಕಡೆ ಪಾಲಿಷ್ ಪೇಪರ್ ಬೇಕಾಗಲಿಲ್ಲ. ಬೆರಳಾಡಿಸಿದರೆ ಅಲಗು ಹೋದ ದಾರಿ ತುಸು ತಿಳಿಯುತ್ತದೆ, ಅದನ್ನು ಹಾಗೇ ಬಿಟ್ಟಿದ್ದೇನೆ. ಮೇಲೆ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ ಒರೆಸಿದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಒಗೆಯಬೇಡಿ, ಒಳಗೇ ಕಾವು ಏರಿ ಬೆಂಕಿ ಹತ್ತಬಹುದು. ನಾನು ಹಿತ್ತಲಿನ ತಂತಿಗೆ ಬಿಡಿಸಿ ಹರವುತ್ತೇನೆ.