ಟ್ರೈ, ಅಟೆಂಪ್ಟ್, ಪ್ರಾಕ್ಟೀಸ್, ರಿಹರ್ಸಲ್: ಯಾವುದು ಎಲ್ಲಿ?

ಟ್ರೈಯಿಂದಲೇ ಶುರು ಮಾಡೋಣ, ತಪ್ಪು ಜಾಸ್ತಿ ಆಗುವುದು ಅಲ್ಲೇ. ಹೊಲದಲ್ಲಿ ಬೋರ್‌ವೆಲ್ ಮೋಟರ್ ಚಾಲೂ ಆಗುತ್ತಿಲ್ಲ ಅಂದುಕೊಳ್ಳಿ. ಸ್ಟಾರ್ಟರ್‌ನ ಹಸಿರು ಬಟನ್ ಸಿಕ್ಕಿಕೊಂಡಿದೆ, ಎಷ್ಟು ಒತ್ತಿದರೂ ಒಳಗೆ ಹೋಗುತ್ತಿಲ್ಲ. ಆಗ ‘ಐ ಟ್ರೈಡ್ ಟು ಪ್ರೆಸ್ ದ ಬಟನ್’ ಅನ್ನಬೇಕು. ಬಟನ್ ಏನೋ ಒಳಗೆ ಹೋಯಿತು, ಮೋಟರ್ ಮಾತ್ರ ಏಳಲಿಲ್ಲ ಅಂದರೆ ‘ಐ ಟ್ರೈಡ್ ಪ್ರೆಸ್ಸಿಂಗ್ ದ ಬಟನ್’. ಮೊದಲನೆಯದು ‘ಒತ್ತಲು ನೋಡಿದೆ’, ಎರಡನೆಯದು ‘ಒತ್ತಿ ನೋಡಿದೆ’. ಈ ವ್ಯತ್ಯಾಸ ನಮ್ಮ ಬಾಯಲ್ಲಿ ಮೊದಲೇ ಇದೆ, ಅಲ್ವಾ? ಹಾಗಾಗಿ ಒಮ್ಮೆ ಕನ್ನಡದಲ್ಲಿ ಹೇಳಿಕೊಳ್ಳಿ. ‘ಮಾಡಿ ನೋಡಿದೆ’ ಅಂತ ಬಂದರೆ ‘ಇಂಗ್’ ಹಚ್ಚಿ, ‘ಮಾಡಲು ನೋಡಿದೆ’ ಅಂತ ಬಂದರೆ ‘ಟು’ ಇಡಿ. ‘ಟ್ರೈ ಅಂಡ್ ಕಮ್’ ಅನ್ನುವುದು ಮಾತಿಗೆ ಸರಿ, ಅರ್ಜಿಯಲ್ಲಿ ಬೇಡ.

ಅಟೆಂಪ್ಟ್ ಸ್ವಲ್ಪ ಬಿಗಿ ಶಬ್ದ, ಲೆಕ್ಕ ಇಡುವ ಪ್ರಯತ್ನಕ್ಕೆ ಚೆನ್ನಾಗಿ ಒಪ್ಪುತ್ತದೆ. ವಿಜಯಪುರದ ಕೋಚಿಂಗ್ ಹುಡುಗರು ‘ಇದು ನನ್ನ ಎರಡನೇ ಅಟೆಂಪ್ಟ್’ ಅನ್ನುವುದು ಸರಿಯಾದ ಬಳಕೆಯೇ. ಯುಪಿಎಸ್‌ಸಿ ಸಿವಿಲ್ ಸರ್ವೀಸಸ್‌ಗೆ ಸಾಮಾನ್ಯ ವರ್ಗದವರಿಗೆ 6 ಅಟೆಂಪ್ಟ್. ಪ್ರಿಲಿಮ್ಸ್‌ನ ಒಂದೇ ಪೇಪರ್‌ಗೆ ಕೂತು ಎದ್ದು ಬಂದರೂ ಒಂದು ಹೋಯಿತು, ಸುಮ್ನೆ ಅರ್ಜಿ ಹಾಕಿ ಬಿಟ್ಟರೆ ಲೆಕ್ಕಕ್ಕಿಲ್ಲ.

ಇನ್ನು ಪ್ರಾಕ್ಟೀಸ್, ರಿಹರ್ಸಲ್. ನಮ್ಮ ಕಡೆ ಎರಡಕ್ಕೂ ತಾಲೀಮು ಅಂತಲೇ ಅನ್ನುತ್ತೇವೆ, ಗೊಂದಲ ಆಗುವುದು ಅದಕ್ಕೇ. ಬೆಳಗಾವಿ ಕಡೆಯ ಗರಡಿಯಲ್ಲಿ ಪೈಲ್ವಾನರು ದಿನಾ ಪಟ್ಟು ಹಾಕಿ ಮೈ ಪಳಗಿಸುವುದು ಪ್ರಾಕ್ಟೀಸ್. ಜಾತ್ರೆ ನಾಟಕಕ್ಕೆ ಮಾಸ್ತರರು ಹಾರ್ಮೋನಿಯಂ ಮುಂದಿಟ್ಟುಕೊಂಡು ರಾತ್ರಿಯೆಲ್ಲ ಮಾಡಿಸುವುದು ರಿಹರ್ಸಲ್, ಅಲ್ಲಿ ಮಾತು, ಹಾಡು, ಯಾರು ಯಾವ ಕಡೆಯಿಂದ ಬರಬೇಕು ಎಲ್ಲ ಮೊದಲೇ ಗೊತ್ತು, ನಾಟಕದ ದಿನ ಹಾಗೇ ನಡೆಯಬೇಕು. ಇಂಟರ್‌ವ್ಯೂ ತಯಾರಿಯಲ್ಲೂ ಹೀಗೇ. ಗೆಳೆಯರ ಜೊತೆ ಏನೇನೋ ವಿಷಯ ಎತ್ತಿಕೊಂಡು ಇಂಗ್ಲಿಷ್ ಮಾತಾಡಿದರೆ ಪ್ರಾಕ್ಟೀಸ್, ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ಗೆ ಬರೆದಿಟ್ಟ ಉತ್ತರವನ್ನು ಕನ್ನಡಿ ಮುಂದೆ ಹೇಳಿಕೊಂಡರೆ ರಿಹರ್ಸಲ್. ದಯವಿಟ್ಟು ಮೊದಲನೆಯದನ್ನು ಜಾಸ್ತಿ ಮಾಡಿ. ಬರೀ ಉತ್ತರ ಬಾಯಿಪಾಠ ಮಾಡಿ ಹೋದರೆ, ಅದೇ ಪ್ರಶ್ನೆಯನ್ನು ತಿರುಗಿಸಿ ಕೇಳಿದಾಗ ಮಾತು ನಿಂತುಬಿಡುತ್ತದೆ.

ಪ್ರಾಕ್ಟೀಸ್ ಕ್ರಿಯಾಪದವಾದಾಗ ಮುಂದೆ ‘ಟು’ ಹಾಕಬೇಡಿ. ‘ಐ ಪ್ರಾಕ್ಟೀಸ್ ಸ್ಪೀಕಿಂಗ್’ ಅನ್ನಿ. ಬ್ರಿಟಿಷ್ ಸ್ಪೆಲ್ಲಿಂಗ್‌ನಲ್ಲಿ ಕೊನೆಯ ‘ಇ’ಗಿಂತ ಮುಂಚೆ ನಾಮಪದಕ್ಕೆ ‘ಸಿ’, ಕ್ರಿಯಾಪದಕ್ಕೆ ‘ಎಸ್’ ಬರುತ್ತದೆ. ಅಮೆರಿಕದವರು ಎರಡಕ್ಕೂ ‘ಸಿ’ ಬರೆಯುತ್ತಾರೆ, ಉಚ್ಚಾರ ಒಂದೇ. ವಕೀಲರು ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುತ್ತಾರೆ ಅಂದಾಗ ಅಭ್ಯಾಸದ ಅರ್ಥ ಬರುವುದಿಲ್ಲ, ಅಲ್ಲಿ ವೃತ್ತಿ ನಡೆಸುತ್ತಾರೆ ಅಂತ ಅರ್ಥ.