ವಿಂಡೋಸ್ ಏಳದಿದ್ದರೆ ಮೊದಲು ರಿಕವರಿ ನೋಡಿ
ಕಂಪ್ಯೂಟರ್ ಆನ್ ಆಗಿ ಲೋಗೋದಲ್ಲೇ ನಿಂತಿದೆ ಅಂತ ತಕ್ಷಣ ಫಾರ್ಮ್ಯಾಟ್ ಮಾಡಿಸಬೇಡಿ, ಫೋಟೋ, ಫೈಲ್ ಎಲ್ಲಾ ಸುಮ್ನೆ ಹೋಗುತ್ತವೆ. ಲೋಗೋ ಕೆಳಗೆ ಚುಕ್ಕಿಗಳು ತಿರುಗುವಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ರಿಕವರಿ ಪರದೆ (ವಿಂಡೋಸ್ ಸರಿಪಡಿಸುವ ಆಯ್ಕೆಗಳಿರುವ ಪರದೆ) ತಾನಾಗಿಯೇ ಬರಬೇಕು. ಅಲ್ಲಿ ಟ್ರಬಲ್‌ಶೂಟ್, ಆಮೇಲೆ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹೋಗಿ ಸ್ಟಾರ್ಟಪ್ ರಿಪೇರ್ ಆರಿಸಿ.

ಆ ಪರದೆ ಬರಲಿಲ್ವಾ? ಬೇರೆ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ 8 ಜಿಬಿಯ ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್ ತಯಾರಿಸಿ (ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಜೋಪಾನ), ಅದನ್ನು ಕೆಟ್ಟ ಕಂಪ್ಯೂಟರ್‌ಗೆ ಚುಚ್ಚಿ ಆನ್ ಮಾಡುವಾಗ ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿ ಬೂಟ್ ಮೆನುವಿನಲ್ಲಿ (ಯಾವುದರಿಂದ ಶುರುವಾಗಬೇಕು ಅಂತ ಕೇಳುವ ಪಟ್ಟಿ) ಆ ಪೆನ್‌ಡ್ರೈವ್ ಆರಿಸಿ. ಇನ್‌ಸ್ಟಾಲ್ ಅಲ್ಲ, ರಿಪೇರ್ ಒತ್ತಿ.

ವಿಂಡೋಸ್ ಎದ್ದ ಮೇಲೆ, ರಿಕವರಿ ಆನ್ ಇದೆಯಾ ನೋಡಲು, ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ರೀಏಜೆಂಟ್‌ಸಿ, ಒಂದು ಸ್ಪೇಸ್, ಸ್ಲ್ಯಾಶ್ ಇನ್ಫೋ (reagentc /info) ಟೈಪ್ ಮಾಡಿ ಎಂಟರ್ ಒತ್ತಿ. ಡಿಸೇಬಲ್ಡ್ ಅಂತ ಬಂದರೆ ಇನ್ಫೋ ಜಾಗದಲ್ಲಿ ಎನೇಬಲ್ (reagentc /enable) ಹಾಕಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಕಾಣುವ ಚಿಕ್ಕ ರಿಕವರಿ ಪಾರ್ಟಿಷನ್ (ರಿಕವರಿಗೆಂದೇ ಮೀಸಲಿಟ್ಟ ಡಿಸ್ಕ್‌ನ ಭಾಗ) ಅನ್ನು ಜಾಗದ ಆಸೆಗೆ ದಯವಿಟ್ಟು ಅಳಿಸಬೇಡಿ.